ಮೂವತ್ತು ಮೀಟರಿನ ಮೇಲೆ ಬಾಜಿ

2024ರ ಆಗಸ್ಟ್ 9, ಶುಕ್ರವಾರ ರಾತ್ರಿ. ಊಟ ಮುಗಿಸಿ ಟಿ.ವಿ. ಮುಂದೆ ಕೂತಿದ್ದೆ. ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ 4x100 ರಿಲೇ ಫೈನಲ್‌ಗೆ ಇನ್ನೇನು ಒಂದು ಗಂಟೆ ಇದೆ ಅನ್ನುವಾಗ ಇಂಗ್ಲೆಂಡಿನ ಲೆಸ್ಟರ್‌ನಿಂದ ಅಕ್ಕನ ಮಗನ ಫೋನು.

“ಮಾವ, ಅಮೆರಿಕ ಗೆಲ್ಲುತ್ತೆ ತಾನೆ?”

“ನಂಗೇನೋ ಗೊತ್ತು?”

“ರಿಲೇ ಓಡಿದೋನು ನೀನು. ನನ್ ಫೋನಲ್ಲಿ ಮೂರು ಆ್ಯಪ್ ಐತೆ, ಮೂರರಲ್ಲೂ ಬೇರೆ ಬೇರೆ ರೇಟ್ ಕೊಡ್ತಾವ್ರೆ. ಇಪ್ಪತ್ತು ಪೌಂಡ್ ಕಟ್ಟಣ ಅಂತ. ಯಾವುದರಲ್ಲಿ ಕಟ್ಟಲಿ ಹೇಳು.”

ರಿಲೇ ಓಡಿದವನು ಎಂಬ ನನ್ನ ಖ್ಯಾತಿಯ ಅಸಲು ಕಥೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವರಮ್ಮ ಮನೆಗೆ ಬಂದವರಿಗೆಲ್ಲ ಹೇಳಿ ನಕ್ಕಿದ್ದಾಳೆ. ನೊಣವಿನಕೆರೆ ಹೋಬಳಿ ಮಟ್ಟದ ಕ್ರೀಡಾಕೂಟ. ಸುಣ್ಣದ ಪುಡಿಯಲ್ಲಿ ಎಳೆದ ಲೇನುಗಳು, ಪಿ.ಟಿ. ಮೇಷ್ಟ್ರು ಪ್ಲಾಸ್ಟಿಕ್ ಪೈಪು ಕುಯ್ಸಿ ಮಾಡಿದ ಬ್ಯಾಟನ್. ನಾನು ಮೂರನೆಯ ಓಟಗಾರ. ನಮ್ಮ ಶಾಲೆಯೇ ಗೆಲ್ಲುವುದೆಂದು ಹಾಸ್ಟೆಲ್ ಹುಡುಗರು ಚುರುಮುರಿ ಬಾಜಿ ಕಟ್ಟಿದ್ದರು. ಎರಡನೆಯವನು ಜೀವ ಬಿಟ್ಟು ಓಡಿ ಬಂದ, ನಾನು ಹಿಂದಕ್ಕೆ ಕೈ ಚಾಚಿದೆ, ಪೈಪು ಬೆರಳಿನ ಗೆಣ್ಣಿಗೆ ಬಡಿದು ಪಕ್ಕದ ಲೇನಿಗೆ ಉರುಳಿತು. ಚುರುಮುರಿ ಸೋತ ಹುಡುಗರು ವರ್ಷ ಪೂರ್ತಿ ನನ್ನನ್ನು ‘ಪೈಪು’ ಅಂತಲೇ ಕರೆದರು.

ಅವನು ಹೆಚ್ಚು ರೇಟ್ ಕೊಟ್ಟವನ ಹತ್ತಿರವೇ ಅಮೆರಿಕದ ಮೇಲೆ ಕಟ್ಟಿದ. ಓಟ ಶುರುವಾಯಿತು. ಮೊದಲ ಬದಲಾವಣೆಯಲ್ಲೇ ಕ್ರಿಶ್ಚಿಯನ್ ಕೋಲ್ಮನ್ ಕೈಯಿಂದ ಕೆನ್ನಿ ಬೆಡ್ನರೆಕ್ ಕೈಗೆ ಬ್ಯಾಟನ್ ಹೋಗುವಾಗ ತಡವರಿಕೆ. ಬೆಡ್ನರೆಕ್ ಬೇಗ ಹೊರಟುಬಿಟ್ಟಿದ್ದ. ಅಮೆರಿಕ ಅನರ್ಹ. ಕೆನಡಾ 37.50 ಸೆಕೆಂಡಿನಲ್ಲಿ ಚಿನ್ನ ಗೆದ್ದಿತು, ದಕ್ಷಿಣ ಆಫ್ರಿಕಕ್ಕೆ ಬೆಳ್ಳಿ, ಬ್ರಿಟನ್ನಿಗೆ ಕಂಚು. ಎರಡು ನಿಮಿಷಕ್ಕೆ ಮತ್ತೆ ಫೋನು.

“ಮಾವ, ನಿನ್ ಥರಾನೇ ಆಯ್ತಲ್ಲ!”

ಅವನ ಪ್ರಶ್ನೆ ಮಾತ್ರ ಆಮೇಲೂ ನನ್ನ ತಲೆಯಲ್ಲಿ ಉಳಿಯಿತು. ಸವಾರನನ್ನು ಹೊತ್ತುಕೊಂಡ ಕುದುರೆಯೋ, ಹನ್ನೊಂದು ಜನರ ಕ್ರಿಕೆಟ್ಟೋ ಆದರೆ ಬಾಜಿ ಕಟ್ಟುವವನಿಗೆ ಲೆಕ್ಕ ಹಾಕಲು ಏನೋ ಇರುತ್ತದೆ. ರಿಲೇಯಲ್ಲಿ ಅವನು ಹಣ ಇಡುವುದು ಯಾವುದರ ಮೇಲೆ? ಅದು ತಿಳಿದರೆ ಬಾಜಿ ಕಟ್ಟಿಸಿಕೊಳ್ಳುವ ಯಾವ ಬುಕ್‌ಮೇಕರ್ ಎಂಬ ಪ್ರಶ್ನೆಗೂ ಒಂದು ತಳಪಾಯ ಸಿಗುತ್ತದೆ.

ಅಮೆರಿಕದ ಪುರುಷರ ಲೆಕ್ಕವನ್ನೇ ತೆಗೆಯಿರಿ. 100 ಮೀಟರಿನಲ್ಲಿ ಆ ದೇಶಕ್ಕಿರುವಷ್ಟು ವೇಗದ ಕಾಲುಗಳು ಇನ್ನೊಂದು ದೇಶಕ್ಕಿಲ್ಲ. ಆದರೂ 2000ದ ಸಿಡ್ನಿಯ ನಂತರ 4x100ರಲ್ಲಿ ಒಲಿಂಪಿಕ್ ಚಿನ್ನವಿಲ್ಲ. 2004ರ ಅಥೆನ್ಸ್‌ನಲ್ಲಿ ಬ್ರಿಟನ್ನಿನ ಎದುರು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಸೋಲು. 2008ರ ಬೀಜಿಂಗ್‌ನಲ್ಲಿ ಕೊನೆಯ ಬದಲಾವಣೆಯಲ್ಲಿ ಡಾರ್ವಿಸ್ ಪ್ಯಾಟನ್, ಟೈಸನ್ ಗೇ ನಡುವೆ ಬ್ಯಾಟನ್ ನೆಲಕ್ಕೆ. ಅದೇ ರಾತ್ರಿ ಅವರ ಮಹಿಳಾ ತಂಡದ್ದೂ ಅದೇ ಗತಿ. 2012ರ ಲಂಡನ್‌ನಲ್ಲಿ ಬೆಳ್ಳಿ ಸಿಕ್ಕಿತು, ಗೇ ಮದ್ದು ಸೇವಿಸಿದ್ದಕ್ಕೆ ಆಮೇಲೆ ವಾಪಸ್ ಹೋಯಿತು. 2016ರ ರಿಯೊದಲ್ಲಿ ಕಂಚು ಬಂತೆಂದು ಬಾವುಟ ಹೊದ್ದು ಮೈದಾನ ಸುತ್ತುತ್ತಿದ್ದಾಗಲೇ, ಮೊದಲ ಬದಲಾವಣೆ ವಲಯದ ಆಚೆಗೇ ಆಗಿಬಿಟ್ಟಿತ್ತೆಂದು ಪದಕ ಕೆನಡಾ ಪಾಲಾಯಿತು. ಟೋಕಿಯೊದಲ್ಲಿ ಹೀಟ್ಸ್‌ನಲ್ಲೇ ಮನೆಗೆ. ಆಮೇಲೆ ಪ್ಯಾರಿಸ್. ಬೀಜಿಂಗ್‌ನಿಂದ ಈಚೆಗಿನ ಐದು ಒಲಿಂಪಿಕ್ಸ್‌ಗಳಲ್ಲಿ ಕೈಯಲ್ಲಿ ಉಳಿದ ಪದಕ ಒಂದೂ ಇಲ್ಲ. ಇದೇ ದೇಶ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ 2019ರಲ್ಲೂ 2023ರಲ್ಲೂ ಗೆದ್ದಿದೆ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ.

ಇದು ಈ ಕಾಲದ ಕಾಯಿಲೆಯೂ ಅಲ್ಲ. ಒಲಿಂಪಿಕ್ಸ್‌ನಲ್ಲಿ 4x100 ಮೊದಲು ನಡೆದ 1912ರ ಸ್ಟಾಕ್‌ಹೋಮ್‌ನಲ್ಲೇ ಅಮೆರಿಕ ಸೆಮಿಫೈನಲ್‌ನಲ್ಲೂ ಜರ್ಮನಿ ಫೈನಲ್‌ನಲ್ಲೂ ಬ್ಯಾಟನ್ ಬದಲಾವಣೆಯ ತಪ್ಪಿಗೆ ಅನರ್ಹವಾಗಿದ್ದವು. ಚಿನ್ನ ಬ್ರಿಟನ್ನಿಗೆ ಹೋಯಿತು. 1936ರ ಬರ್ಲಿನ್‌ನಲ್ಲಿ ಜರ್ಮನಿಯ ಮಹಿಳೆಯರು ಹೀಟ್ಸ್‌ನಲ್ಲಿ ವಿಶ್ವದಾಖಲೆ ಬರೆದು, ಫೈನಲ್‌ನಲ್ಲಿ ಬಹಳ ಮುಂದಿದ್ದು, ಕೊನೆಯ ಬದಲಾವಣೆಯಲ್ಲಿ ಬ್ಯಾಟನ್ ಕೆಡವಿದರು. ಹಿಟ್ಲರ್ ಕ್ರೀಡಾಂಗಣದಲ್ಲೇ ಇದ್ದ. ಅವತ್ತು ಲಾಭವಾದದ್ದು ಅಮೆರಿಕಕ್ಕೆ.

ಬ್ಯಾಟನ್ ಅಂದರೆ 28ರಿಂದ 30 ಸೆಂಟಿಮೀಟರ್ ಉದ್ದದ, 50 ಗ್ರಾಮಿಗೆ ಕಡಿಮೆಯಿಲ್ಲದ ಟೊಳ್ಳು ಕೊಳವೆ. ಅದನ್ನು ದಾಟಿಸಲು ಸಿಗುವ ವಲಯ 30 ಮೀಟರ್. 2017ರವರೆಗೆ ವಲಯ 20 ಮೀಟರ್ ಇದ್ದು, ಅದರ ಹಿಂದೆ ಓಟ ಹಿಡಿಯಲು ಇನ್ನೊಂದು 10 ಮೀಟರ್ ಕೊಡುತ್ತಿದ್ದರು. ಈಗ ಎರಡೂ ಸೇರಿ ಒಂದೇ. ಕಾಲು ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ, ಬ್ಯಾಟನ್ ಎಲ್ಲಿದೆ ಎಂಬುದಷ್ಟೇ ಲೆಕ್ಕ. ಪಡೆಯುವವನು ಟ್ರ್ಯಾಕಿನ ಮೇಲೆ ಟೇಪಿನ ಗುರುತು ಅಂಟಿಸಿರುತ್ತಾನೆ. ಬರುವವನು ಆ ಗುರುತು ಮುಟ್ಟಿದ ಕ್ಷಣ ಇವನು ಹಿಂದೆ ನೋಡದೆ ಹೊರಡಬೇಕು. ಒಂದು ಹೆಜ್ಜೆ ಬೇಗ ಹೊರಟರೆ ಬ್ಯಾಟನ್ ಸಿಗದು, ಒಂದು ಹೆಜ್ಜೆ ತಡವಾದರೆ ಹಿಂದಿನವನು ಬಂದು ಬೆನ್ನಿಗೆ ಗುದ್ದುತ್ತಾನೆ. ಹಬ್ಬದ ದಿನ ಗುಂಡಿಗೆ ಬೇರೆ ಥರ ಹೊಡೆದುಕೊಳ್ಳುತ್ತದೆ. ಅಭ್ಯಾಸದಲ್ಲಿ ಅಳೆದಿಟ್ಟ ಗುರುತು ಫೈನಲ್‌ನಲ್ಲಿ ಸುಳ್ಳಾಗುತ್ತದೆ. ಇಂಥದು ಮೂರು ಸಲ ಆಗಬೇಕು.

ರಿಯೊದಲ್ಲಿ ಬೆಳ್ಳಿ ಗೆದ್ದ ಜಪಾನ್ ತಂಡವನ್ನು ನೆನಪಿಸಿಕೊಳ್ಳಿ. ಆ ನಾಲ್ವರಲ್ಲಿ ಅಲ್ಲಿಯತನಕ ಒಬ್ಬನೂ 100 ಮೀಟರನ್ನು 10 ಸೆಕೆಂಡಿನೊಳಗೆ ಓಡಿರಲಿಲ್ಲ. ಕೈ ಕೆಳಗಿನಿಂದ ಬ್ಯಾಟನ್ ದಾಟಿಸುವ ಹಳೆಯ ಪದ್ಧತಿಯನ್ನು ವರ್ಷಗಟ್ಟಲೆ ಉಜ್ಜಿ ಉಜ್ಜಿ ಅವರು 37.60ಕ್ಕೆ ತಂದರು. ಅದೇ ಜಪಾನ್ ತನ್ನದೇ ಊರಾದ ಟೋಕಿಯೊದ ಫೈನಲ್‌ನಲ್ಲಿ ಮೊದಲ ಬದಲಾವಣೆಯಲ್ಲೇ ನಿಂತುಹೋಯಿತು. ಕೆನಡಾದ ನಾಲ್ವರು, ಅಂದರೆ ಆ್ಯರನ್ ಬ್ರೌನ್, ಜೆರೋಮ್ ಬ್ಲೇಕ್, ಬ್ರೆಂಡನ್ ರಾಡ್ನಿ, ಆಂಡ್ರೆ ಡಿ ಗ್ರಾಸ್, ಟೋಕಿಯೊದಿಂದ ಪ್ಯಾರಿಸ್‌ವರೆಗೆ ಚದುರದೆ ಉಳಿದರು. 2022ರ ವಿಶ್ವ ಚಾಂಪಿಯನ್‌ಷಿಪ್‌ನ ಚಿನ್ನವೂ ಅವರದೇ. ರಿಲೇ ಬಲ್ಲವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ವೇಗ’ ಅಂತಲ್ಲ, ‘ಎಷ್ಟು ದಿನದಿಂದ ಜೊತೆಗಿದ್ದಾರೆ’ ಅಂತ. ಕೂಡುಕುಟುಂಬದ ಲೆಕ್ಕ.

ಇನ್ನು ಬುಕ್‌ಮೇಕರ್. ಆನ್‌ಲೈನ್ ಬಾಜಿ ಕಾನೂನುಬದ್ಧವಾಗಿರುವ, ಅದಕ್ಕೊಂದು ಕಾವಲು ಇರುವ ಬ್ರಿಟನ್ನಿನ ಮಾತು ಇದು. ನಮ್ಮ ದೇಶದ್ದಕ್ಕೆ ಆಮೇಲೆ ಬರೋಣ. ಅಳಿಯ ನೋಡಿದ್ದು ರೇಟು. ಅದು ತಪ್ಪಲ್ಲ. ಆದರೆ ರೇಟನ್ನು ಒಂದೊಂದಾಗಿ ನೋಡಿದರೆ ಏನೂ ತಿಳಿಯುವುದಿಲ್ಲ, ಪಟ್ಟಿಯನ್ನು ಇಡಿಯಾಗಿ ಕೂಡಿಸಿ ನೋಡಬೇಕು. ಸುಮ್ಮನೆ ಲೆಕ್ಕಕ್ಕೆ ಹೇಳುತ್ತೇನೆ: ಒಬ್ಬ ಬುಕ್‌ಮೇಕರ್ ಮೊದಲ ತಂಡಕ್ಕೆ 1.80 (ಗೆದ್ದರೆ ಒಂದು ಪೌಂಡಿಗೆ 1.80 ಪೌಂಡ್ ವಾಪಸ್), ಎರಡನೆಯದಕ್ಕೆ 3.50, ಮೂರನೆಯದಕ್ಕೆ 6, ಮಿಕ್ಕವರೆಲ್ಲರಿಗೂ ಸೇರಿ 10 ಇಟ್ಟಿದ್ದಾನೆ ಅನ್ನಿ. ನೂರನ್ನು ಈ ಒಂದೊಂದು ಅಂಕಿಯಿಂದ ಭಾಗಿಸಿ ಕೂಡಿ: ಸುಮಾರು 111 ಬರುತ್ತದೆ. ಗೆಲ್ಲುವ ಸಾಧ್ಯತೆಗಳೆಲ್ಲ ಸೇರಿ ನೂರಕ್ಕಿಂತ ಹೆಚ್ಚಾಗಲು ಸಾಧ್ಯವೇ? ಆ ಮೇಲಿನ ಹನ್ನೊಂದು ಅಂಗಡಿಯವನ ಪಾಲು, ತೂಕಕ್ಕೆ ಮೊದಲೇ ತಕ್ಕಡಿಗೆ ಅಂಟಿಸಿದ ಹುಣಸೆಹಣ್ಣು. ಇನ್ನೊಬ್ಬ ಇದೇ ಓಟಕ್ಕೆ 1.90, 3.75, 6.50, 11 ಕೊಟ್ಟರೆ ಮೊತ್ತ 104ರ ಹತ್ತಿರ ನಿಲ್ಲುತ್ತದೆ. ಮೊದಲ ತಂಡದ ಮೇಲಿನ ಇಪ್ಪತ್ತು ಪೌಂಡಿನ ಒಂದು ಬಾಜಿಯಲ್ಲಿ ಎರಡು ಪೌಂಡಿನ ಅಂತರ. ಒಂದು ದಿನಕ್ಕೆ ಕಾಫಿಗೂ ಸಾಲದ ದುಡ್ಡು. ವರ್ಷವಿಡೀ ಕಟ್ಟುವವನಿಗೆ ಅದೇ ಗೋಡೆಯೊಳಗಿನ ಗೆದ್ದಲು.

ಫುಟ್‌ಬಾಲ್‌ನಂಥ ಜನನಿಬಿಡ ಆಟದಲ್ಲಿ ಪೈಪೋಟಿ ಇರುವುದರಿಂದ ಈ ಹುಣಸೆಹಣ್ಣು ಚಿಕ್ಕದಾಗಿರುತ್ತದೆ. ಅಥ್ಲೆಟಿಕ್ಸ್‌ಗೆ ಗಿರಾಕಿಗಳು ಕಡಿಮೆ, ಅದರಲ್ಲೂ ರಿಲೇಗೆ ಕಟ್ಟುವವರು ಒಲಿಂಪಿಕ್ಸ್ ಬಂದಾಗ ಮಾತ್ರ ಎದ್ದು ಬರುವವರು. ಹಾಗಾಗಿ ಅಂಗಡಿಯವನು ತನ್ನ ರಕ್ಷಣೆಗೆ ಆ ಹುಣಸೆ ಉಂಡೆಯನ್ನು ದೊಡ್ಡದು ಮಾಡಿಯೇ ಇಡುತ್ತಾನೆ. ಇದಕ್ಕೆ ಪರ್ಯಾಯವಾಗಿ 2000ದಲ್ಲಿ ಶುರುವಾದ ಬೆಟ್‌ಫೇರ್‌ನಂಥ ವಿನಿಮಯ ಕೇಂದ್ರಗಳಿವೆ. ಅಲ್ಲಿ ಬಾಜಿದಾರರೇ ಒಬ್ಬರ ಎದುರು ಒಬ್ಬರು ಕಟ್ಟುತ್ತಾರೆ, ಕೇಂದ್ರ ಗೆದ್ದ ಹಣದಲ್ಲಿ ಕಮಿಷನ್ ಹಿಡಿಯುತ್ತದೆ. ಅಮೆರಿಕ ಗೆಲ್ಲುವುದಿಲ್ಲ ಎಂದು ಕಟ್ಟಲೂ ಅಲ್ಲಿ ದಾರಿಯಿದೆ. ಆದರೆ ಎದುರು ಕಟ್ಟುವವರು ಬೇಕಲ್ಲ. ರಿಲೇಯಂಥ ಓಟಕ್ಕೆ ಸಂತೆ ಎಷ್ಟೋ ಸಲ ನೆರೆಯುವುದೇ ಇಲ್ಲ.

ನನ್ನ ಮಟ್ಟಿಗೆ, ರೇಟಿಗಿಂತ ಮೊದಲು ಓದಬೇಕಾದದ್ದು ಯಾರೂ ಓದದ ಪುಟ: ನಿಯಮಗಳ ಪುಟ. ಬೇರೆ ಆಟಗಳಲ್ಲಿ ಅದು ಔಪಚಾರಿಕ. ರಿಲೇಯಲ್ಲಿ ಅದೇ ಅರ್ಧ ಆಟ, ಯಾಕೆಂದರೆ ರಿಲೇಯ ಫಲಿತಾಂಶ ಗೆರೆ ದಾಟಿದ ಮೇಲೂ ಓಡುತ್ತಲೇ ಇರುತ್ತದೆ. 2008ರಲ್ಲಿ ಜಮೈಕಾ 37.10ರ ವಿಶ್ವದಾಖಲೆಯೊಂದಿಗೆ ಗೆದ್ದಿತು. ಎಂಟೂವರೆ ವರ್ಷದ ನಂತರ, 2017ರ ಜನವರಿಯಲ್ಲಿ, ನೆಸ್ಟಾ ಕಾರ್ಟರ್‌ನ ಹಳೆಯ ಮಾದರಿಯಲ್ಲಿ ನಿಷೇಧಿತ ಮದ್ದು ಸಿಕ್ಕಿದ್ದರಿಂದ ಉಸೇನ್ ಬೋಲ್ಟ್ ಕೂಡ ಚಿನ್ನ ವಾಪಸ್ ಕೊಡಬೇಕಾಯಿತು. ಅದು ಟ್ರಿನಿಡಾಡ್ ಮತ್ತು ಟೊಬ್ಯಾಗೊಗೆ ಸೇರಿತು. ಟೋಕಿಯೊದಲ್ಲಿ 37.51ರಲ್ಲಿ ಬೆಳ್ಳಿ ಗೆದ್ದ ಬ್ರಿಟನ್ ಮರುವರ್ಷ ಸಿ.ಜೆ. ಉಜಾನ ಮದ್ದಿನ ಕಾರಣಕ್ಕೆ ಅದನ್ನು ಕಳೆದುಕೊಂಡಿತು. ನಮ್ಮ ಎಂ.ಆರ್. ಪೂವಮ್ಮ ಇದ್ದ ಭಾರತದ ಮಿಶ್ರ 4x400 ತಂಡ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಓಡಿ ಪಡೆದದ್ದು ಬೆಳ್ಳಿ. ಬಹರೇನ್ ಓಟಗಾರ್ತಿ ಮದ್ದಿನಲ್ಲಿ ಸಿಕ್ಕಿಬಿದ್ದದ್ದರಿಂದ ಎರಡು ವರ್ಷದ ಮೇಲೆ ಅದು ಚಿನ್ನವಾಯಿತು.

ಓಟಗಾರರಿಗೆ ನ್ಯಾಯ ತಡವಾಗಿಯಾದರೂ ಬರುತ್ತದೆ, ಬಾಜಿ ಕಟ್ಟಿದವನಿಗೆ ಬರುವುದಿಲ್ಲ. ಬುಕ್‌ಮೇಕರ್‌ಗಳು ಸಾಮಾನ್ಯವಾಗಿ ಪೀಠದ ಮೇಲೆ ಪದಕ ಕೊರಳಿಗೆ ಬಿದ್ದ ಫಲಿತಾಂಶವನ್ನೇ ಕೊನೆಯದೆಂದು ಹಿಡಿಯುತ್ತಾರೆ. ಆಮೇಲೆ ಯಾರು ಅನರ್ಹರಾದರೂ ಲೆಕ್ಕ ತೆರೆಯುವುದಿಲ್ಲ. ಬೀಜಿಂಗ್‌ನಲ್ಲಿ ಟ್ರಿನಿಡಾಡ್ ಮೇಲೆ ಹಣ ಇಟ್ಟಿದ್ದವನ ಕೈ 2017ರಲ್ಲೂ ಖಾಲಿಯೇ. ಇದರಲ್ಲಿ ಮೋಸವಿಲ್ಲ, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆ ಗೆರೆ ಎಲ್ಲಿದೆ ಎಂದು ಕಟ್ಟುವ ಮೊದಲೇ ಗೊತ್ತಿರಬೇಕು, ಅಷ್ಟೆ. ರಿಯೊದ ಮಹಿಳೆಯರ ಹೀಟ್ಸ್‌ನಲ್ಲಿ ಬ್ರೆಜಿಲ್ ಓಟಗಾರ್ತಿ ತಾಗಿದ್ದರಿಂದ ಆಲಿಸನ್ ಫೆಲಿಕ್ಸ್ ಕೈಯ ಬ್ಯಾಟನ್ ಬಿತ್ತು. ದೂರು ಕೊಟ್ಟ ಅಮೆರಿಕದ ತಂಡಕ್ಕೆ ಖಾಲಿ ಟ್ರ್ಯಾಕಿನಲ್ಲಿ ಒಂಟಿಯಾಗಿ ಮತ್ತೆ ಓಡಲು ಬಿಟ್ಟರು. ಆ ವಿಚಿತ್ರ ಓಟದಿಂದ ಚೀನಾ ಫೈನಲ್‌ನಿಂದ ಹೊರಬಿತ್ತು, ಅಮೆರಿಕ ಚಿನ್ನವನ್ನೇ ಗೆದ್ದುಕೊಂಡಿತು. ‘ಚೀನಾ ಫೈನಲ್ ತಲುಪುತ್ತದೆ’ ಎಂದು ಯಾರಾದರೂ ಕಟ್ಟಿದ್ದರೆ ಅವನ ಹಣ ಏನಾಗಬೇಕು? ಉತ್ತರ ಆ ಓದದ ಪುಟದಲ್ಲಿದೆ.

ತಂಡದ ಪಟ್ಟಿಯದು ಇನ್ನೊಂದು ತಲೆನೋವು. ಹೀಟ್ಸ್ ಓಡಿದವರೇ ಫೈನಲ್ ಓಡಬೇಕೆಂದಿಲ್ಲ. ಯಾರು, ಯಾವ ಕ್ರಮದಲ್ಲಿ ಎಂಬುದು ಓಟಕ್ಕೆ ಸ್ವಲ್ಪ ಮೊದಲಷ್ಟೇ ಹೊರಬೀಳುತ್ತದೆ. ವಾರದ ಹಿಂದೆ ಒಳ್ಳೆ ರೇಟು ನೋಡಿ ಅಮೆರಿಕದ ಮೇಲೆ ಕಟ್ಟಿದವನು, 100 ಮೀಟರಿನ ಚಾಂಪಿಯನ್ ನೋವಾ ಲೈಲ್ಸ್ ಓಡುತ್ತಾನೆಂದು ನಂಬಿ ಕಟ್ಟಿದ್ದ. ಲೈಲ್ಸ್‌ಗೆ ಕೋವಿಡ್ ಬಂದು ರಿಲೇಯಿಂದ ಹೊರಗುಳಿದ. ತಂಡ ಓಡಿತಲ್ಲ, ಹಾಗಾಗಿ ಬಾಜಿ ನಿಂತೇ ಇರುತ್ತದೆ. ಓಟದ ನಡುವೆಯೇ ಕಟ್ಟುವ ‘ಲೈವ್’ ಬಾಜಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೂವತ್ತೇಳು ಸೆಕೆಂಡಿನ ಓಟ. ನಿಮ್ಮ ಮೊಬೈಲಿನ ನೇರಪ್ರಸಾರ ಹಲವು ಸೆಕೆಂಡು ಹಿಂದೆ. ಕಣ್ಣು ಕಟ್ಟಿಕೊಂಡು ಚೌಕಾಸಿ ಮಾಡಿದ ಹಾಗೆ.

4x400 ಕೊಂಚ ಬೇರೆ ಜಾತಿ. ಅಲ್ಲಿ ಬ್ಯಾಟನ್ ಬೀಳುವುದು ಅಪರೂಪ, ಪಡೆಯುವವರು ತಿರುಗಿ ನೋಡಿಯೇ ಪಡೆಯುತ್ತಾರೆ. ಹಾಗಾದರೆ ಲೆಕ್ಕ ಸುಲಭವೇ? ಪ್ಯಾರಿಸ್‌ನ ಮಿಶ್ರ 4x400ರಲ್ಲಿ ಅಮೆರಿಕ ಹೀಟ್ಸ್‌ನಲ್ಲಿ 3 ನಿಮಿಷ 7.41 ಸೆಕೆಂಡಿನ ವಿಶ್ವದಾಖಲೆ ಮಾಡಿತು. ಮರುದಿನ ಅದೇ ನಾಲ್ವರು ಓಡಿದರು. ಕೊನೆಯ ಸುತ್ತಿಗೆ ನೆದರ್ಲೆಂಡ್ಸ್‌ನ ಫೆಮ್ಕೆ ಬೋಲ್ ಬ್ಯಾಟನ್ ಪಡೆದಾಗ ನಾಲ್ಕನೆಯವಳು, ಮುಗಿಸುವಾಗ ಮೊದಲನೆಯವಳು. ಒಂದು ವರ್ಷದ ಹಿಂದೆ ಬುಡಾಪೆಸ್ಟ್‌ನಲ್ಲಿ ಇದೇ ಓಟದ ಕೊನೆಯ ಮೀಟರುಗಳಲ್ಲಿ ಮುಗ್ಗರಿಸಿ ಬಿದ್ದವಳು ಇದೇ ಬೋಲ್. ಅದೇ ಬುಡಾಪೆಸ್ಟ್‌ನಲ್ಲಿ ಭಾರತದ ಮಹಮ್ಮದ್ ಅನಾಸ್, ಅಮೋಜ್ ಜೇಕಬ್, ಮಹಮ್ಮದ್ ಅಜ್ಮಲ್, ರಾಜೇಶ್ ರಮೇಶ್ 2 ನಿಮಿಷ 59.05 ಸೆಕೆಂಡಿನ ಏಷ್ಯಾ ದಾಖಲೆ ಬರೆದು ಅಮೆರಿಕದ ಬೆನ್ನಿಗೇ ಅಂಟಿಕೊಂಡು ಬಂದಾಗ ಯಾವ ಅಂಗಡಿಯವನೂ ಅದನ್ನು ಎಣಿಸಿರಲಾರ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಮೂರನೆಯವಳಾಗಿ ಓಡಿದ ರಿಲೇಯನ್ನು ನೋಡಿದವರಿಗೆ ರಿಲೇ ಯಾರ ಲೆಕ್ಕಕ್ಕೂ ಸಿಗದೆಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆ ಸುತ್ತು ನೆನೆದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ಓಟಕ್ಕೂ ಬಾಜಿಗೂ ನಂಟು ಹಳೆಯದು. ಒಲಿಂಪಿಕ್ಸ್ ಮರುಹುಟ್ಟು ಪಡೆಯುವ ಮೊದಲೇ ಬ್ರಿಟನ್ನಿನಲ್ಲಿ ಹಣಕ್ಕಾಗಿ ಓಡುವವರಿದ್ದರು. 1887ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಲಿಲ್ಲಿ ಬ್ರಿಜ್ ಮೈದಾನದಲ್ಲಿ ಹ್ಯಾರಿ ಹಚೆನ್ಸ್, ಹ್ಯಾರಿ ಜೆಂಟ್ ನಡುವೆ ಓಟ ಏರ್ಪಟ್ಟಿತ್ತು. ಇಬ್ಬರ ಹಿಂದಿದ್ದ ಬಾಜಿ ಗುಂಪುಗಳಿಗೆ ಯಾರು ಗೆಲ್ಲಬೇಕೆಂಬ ಒಪ್ಪಂದವೇ ಆಗಲಿಲ್ಲ. ಓಡಬೇಕಾದವರನ್ನೇ ಅಲ್ಲಿಂದ ಸಾಗಿಸಿಬಿಟ್ಟರು. ದುಡ್ಡು ಕೊಟ್ಟು ಒಳಬಂದಿದ್ದ ಸಾವಿರಾರು ಜನ ಸಿಟ್ಟಿಗೆದ್ದು ಮೈದಾನದ ಕಟ್ಟಡಕ್ಕೆ ಬೆಂಕಿ ಇಟ್ಟರು. ಈಗಿನ ಕಾವಲುಗಳೆಲ್ಲ ಅಂಥ ಹೊಗೆಯಿಂದಲೇ ಹುಟ್ಟಿದವು ಎಂದುಕೊಳ್ಳಬಹುದು. ವಿಶ್ವ ಅಥ್ಲೆಟಿಕ್ಸ್‌ನ ಪ್ರಾಮಾಣಿಕತಾ ಘಟಕ 2017ರಿಂದ ಕೆಲಸ ಮಾಡುತ್ತಿದೆ. ಓಟಗಾರರು, ತರಬೇತುದಾರರು ಅಥ್ಲೆಟಿಕ್ಸ್ ಮೇಲೆ ಬಾಜಿ ಕಟ್ಟುವಂತೆಯೇ ಇಲ್ಲ.

ಬ್ರಿಟನ್ನಿನಲ್ಲಿ 2005ರ ಕಾಯಿದೆಯ ಅಡಿ ಜೂಜು ಆಯೋಗವೊಂದಿದೆ. ಅದರ ಲೈಸೆನ್ಸ್ ಇಲ್ಲದ ಅಂಗಡಿ ಎಷ್ಟೇ ಹೊಳೆಯಲಿ, ಅತ್ತ ಸುಳಿಯಬಾರದು. ಲೈಸೆನ್ಸ್ ಪಟ್ಟಿ ಯಾರು ಬೇಕಾದರೂ ನೋಡಬಹುದು. 2020ರಿಂದ ಕ್ರೆಡಿಟ್ ಕಾರ್ಡ್‌ನಲ್ಲಿ ಬಾಜಿ ಕಟ್ಟುವಂತಿಲ್ಲ. ಸಾಲದ ದುಡ್ಡಿನಲ್ಲಿ ಆಡುವುದಕ್ಕೆ ಅಲ್ಲಿಗೆ ಒಂದು ಬೇಲಿ. ಕೈ ತಡೆಯಲಾಗದವರು ‘ಗ್ಯಾಮ್‌ಸ್ಟಾಪ್’ನಲ್ಲಿ ಒಮ್ಮೆ ಹೆಸರು ಬರೆಸಿದರೆ ಲೈಸೆನ್ಸ್ ಇರುವ ಎಲ್ಲ ಆನ್‌ಲೈನ್ ಅಂಗಡಿಗಳ ಬಾಗಿಲುಗಳೂ ಒಟ್ಟಿಗೆ ಮುಚ್ಚುತ್ತವೆ. ಇಷ್ಟೆಲ್ಲ ಇದ್ದೂ ಒಂದು ಸಂಗತಿ ನನಗೆ ನಗು ತರಿಸುತ್ತದೆ. ಸತತವಾಗಿ ಗೆಲ್ಲುವವನ ಖಾತೆಗೆ ಬುಕ್‌ಮೇಕರ್ ಮಿತಿ ಹಾಕಬಹುದು, ಹಾಕುತ್ತಾರೆ ಕೂಡ. ಅಳಿಯನ ಗೆಳೆಯನೊಬ್ಬ ಎರಡು ಬೇಸಿಗೆ ಚೆನ್ನಾಗಿ ಗೆದ್ದ. ಮೂರನೇ ಬೇಸಿಗೆಯಲ್ಲಿ ಅವನು ಕಟ್ಟಬಹುದಾದ ಗರಿಷ್ಠ ಮೊತ್ತ ಒಂದು ಪೌಂಡಿಗೂ ಕೆಳಗೆ ಇಳಿದಿತ್ತು. ಸೋಲುವವನಿಗೆ ಮಾತ್ರ ಬೋನಸ್ಸಿನ ಸಂದೇಶಗಳು ಮಾಮೂಲಾಗಿ ಬರುತ್ತವೆ. ಆ ಬೋನಸ್ಸೂ ಇಂತಿಷ್ಟು ಸಲ ಮರುಕಟ್ಟದೆ ಕೈಗೆ ಬರುವ ಹಣವಲ್ಲ. ಅಳಿಯನಿಗೆ ನಾನು ಹೇಳಿದ್ದಿಷ್ಟೇ: ಕಟ್ಟುವ ಮೊದಲು ನಿಯಮದ ಪುಟ ಓದು; ಹಣ ಹಾಕುವುದು ಎಷ್ಟು ಸುಲಭ ಅಂತ ನೋಡಬೇಡ, ತೆಗೆಯುವುದು ಎಷ್ಟು ಸುಲಭ ನೋಡು.

ಇದನ್ನು ತಿಪಟೂರಿನಲ್ಲೋ ಬೆಂಗಳೂರಿನಲ್ಲೋ ಓದುತ್ತಿರುವವರಿಗೆ ಪ್ರಶ್ನೆಯೇ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿ, ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯಿದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಕೊಟ್ಟವರಿಗೂ ಶಿಕ್ಷೆ. ಬ್ಯಾಂಕುಗಳು ಆ ಹಣ ಸಾಗಿಸುವಂತಿಲ್ಲ. ಆಡುವವನನ್ನು ಕಾಯಿದೆ ಅಪರಾಧಿಯೆಂದು ಕರೆದಿಲ್ಲ. ಹೀಗಿದ್ದೂ ವಾಟ್ಸ್ಆ್ಯಪ್‌ನಲ್ಲಿ, ಟೆಲಿಗ್ರಾಂನಲ್ಲಿ ‘ಐಡಿ ಬೇಕಾ ಅಣ್ಣಾ’ ಎನ್ನುವವರು ಇದ್ದೇ ಇದ್ದಾರೆ. ಯಾವುದೋ ದ್ವೀಪದ ಲೈಸೆನ್ಸ್, ಯಾರದೋ ಬಾಡಿಗೆ ಬ್ಯಾಂಕ್ ಖಾತೆಗೆ ಯುಪಿಐ. ಗೆದ್ದ ಹಣ ಕೊಡದಿದ್ದರೆ ಯಾರ ಹತ್ತಿರ ಹೋಗುತ್ತೀರಿ? ಠಾಣೆಗೆ ಹೋದರೆ ಮೊದಲ ಪ್ರಶ್ನೆ ನಿಮಗೇ. ಊರಿನ ಓಸಿ ಚೀಟಿ ಬರೆಯುತ್ತಿದ್ದವನಾದರೂ ಟೀ ಅಂಗಡಿ ಪಕ್ಕ ಸಿಗುತ್ತಿದ್ದ; ಮರುದಿನ ಅದೇ ದಾರಿಯಲ್ಲಿ ಓಡಾಡಬೇಕೆಂಬ ದಾಕ್ಷಿಣ್ಯ ಅವನಿಗಿತ್ತು.

2025ರ ಸೆಪ್ಟೆಂಬರಿನಲ್ಲಿ ಟೋಕಿಯೊದಲ್ಲಿ ವಿಶ್ವ ಚಾಂಪಿಯನ್‌ಷಿಪ್. ಕೊನೆಯ ದಿನ 4x100. ಮೊದಲ ಓಟಗಾರ ಮತ್ತೆ ಕೋಲ್ಮನ್, ಎರಡನೆಯವನು ಮತ್ತೆ ಬೆಡ್ನರೆಕ್. ಈ ಸಲ ಬ್ಯಾಟನ್ ಬೆಣ್ಣೆಯ ಹಾಗೆ ದಾಟಿತು. ಕೊನೆಯಲ್ಲಿ ಲೈಲ್ಸ್. ಅಮೆರಿಕಕ್ಕೆ 37.29ರಲ್ಲಿ ಚಿನ್ನ, ಕೆನಡಾ ಎರಡನೆಯದು. ನಾನೇ ಲೆಸ್ಟರ್‌ಗೆ ಫೋನು ಮಾಡಿದೆ.

“ಕಟ್ಟಿದ್ಯೇನೋ?”

“ಎಲ್ಲಿ ಮಾವ. ನೀನು ಹೇಳ್ದೆ ಅಂತ ನಿಯಮದ ಪುಟ ಓದ್ತಾ ಕೂತಿದ್ದೆ. ಅಷ್ಟರಲ್ಲಿ ರೇಸೇ ಮುಗ್ದೋಯ್ತು.”